ಚಿತ್ರದಲ್ಲಿ ಇಲ್ಲದ ಬಾವಿ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮೊಬೈಲಿನಲ್ಲಿದ್ದ ಒಂದು ಚಿತ್ರವನ್ನು ಅಪ್ಪನಿಗೆ ತೋರಿಸಿದೆ. ಅದಕ್ಕೆ ಎರಡು ವಾರ ಮೊದಲು ಹುಬ್ಬಳ್ಳಿಯ ಒಂದು ಸಭೆಯಲ್ಲಿ ಪರದೆಯ ಮೇಲೆ ಮೂಡಿದ್ದ ಚಿತ್ರ ಅದು. ರಾಣೆಬೆನ್ನೂರು ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, 2002ರಿಂದ ಬೀಗ ಬಿದ್ದಿರುವ ಒಂದು ಎರಕದ ಕಾರ್ಖಾನೆಯ ಜಾಗದಲ್ಲಿ ವಿಶ್ವವಿದ್ಯಾಲಯವೊಂದರ ಜೊತೆಗೂಡಿ ಸಂಶೋಧನಾ ಕೇಂದ್ರ ಕಟ್ಟಬಹುದು, ಹೊಸ ಕಂಪನಿಗಳಿಗೆ ಬಾಡಿಗೆಗೆ ಕೋಣೆ ಕೊಡಬಹುದು, ಹೊಳೆಗುಂಟ ನಡೆದಾಡುವ ದಾರಿ ಮಾಡಬಹುದು ಎಂಬ ಆಲೋಚನೆಯನ್ನು ಅಂದು ನಮ್ಮ ಮುಂದೆ ಇಟ್ಟಿದ್ದರು. ಚಿತ್ರದಲ್ಲಿ ಗಾಜಿನ ಕಟ್ಟಡವಿತ್ತು, ಹುಲ್ಲುಹಾಸಿತ್ತು, ಸೈಕಲ್ ತುಳಿಯುತ್ತಿದ್ದ ಹುಡುಗ ಹುಡುಗಿಯರಿದ್ದರು. ಅವರ ಬೆನ್ನ ಹಿಂದೆ ಹೊಳೆ ಒಂದು ನೀಲಿ ಗೆರೆಯಾಗಿ ಹರಿದಿತ್ತು. ಅಪ್ಪ ಅದೇ ಕಾರ್ಖಾನೆಯಲ್ಲಿ 23 ವರ್ಷ ಮರಳಿನ ಅಚ್ಚು ಕಟ್ಟುವ ಮೋಲ್ಡರ್ ಆಗಿ ದುಡಿದವರು. ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಆ ಮೂಲೆಯಿಂದ ಈ ಮೂಲೆಗೆ ನಿಧಾನವಾಗಿ ಸರಿಸಿ ನೋಡಿದರು. ಆಮೇಲೆ ಕೇಳಿದರು: “ಇದರಾಗ ಬಾವಿ ಎಲ್ಲೈತಿ, ಯವ್ವಾ?”

ಯಾವ ಬಾವಿ ಎಂದು ಕೇಳಿದೆ. “ಇರ್ಲಿ ಬಿಡು” ಎಂದು ಮೊಬೈಲು ವಾಪಸು ಕೊಟ್ಟು, ಕಟ್ಟೆಯ ಮೇಲೆ ಹೋಗಿ ಕುಳಿತರು. ಹಬ್ಬದ ಗದ್ದಲದಲ್ಲಿ ಆ ಮಾತು ಅಲ್ಲಿಗೇ ನಿಂತಿತು. ಆದರೆ ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ, ಬ್ಯಾಡಗಿ ದಾಟಿ ಹಾವೇರಿ ಬರುವ ಹೊತ್ತಿಗೆ, ಅದು ನನ್ನನ್ನು ಬಿಡದೆ ಕಾಡತೊಡಗಿತ್ತು. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳುವವಳು. ಆ ಸಭೆಗೆ ನನ್ನನ್ನು ಕರೆದದ್ದೂ ಅದೇ ಕಾರಣಕ್ಕೆ. ಯಂತ್ರಗಳ ಬಗ್ಗೆ, ತರಬೇತಿಯ ಬಗ್ಗೆ ನಾಲ್ಕು ಮಾತಾಡಿದ್ದೆ. ಚಿತ್ರ ನೋಡಿ ಎಲ್ಲರಂತೆ ನಾನೂ ತಲೆಯಾಡಿಸಿದ್ದೆ. ಆ ನೆಲದ ಮೇಲೆ ನನ್ನ ಬಾಲ್ಯದ ಮಧ್ಯಾಹ್ನಗಳು ಕಳೆದಿದ್ದರೂ, ಅಲ್ಲಿ ಏನಿತ್ತು ಎಂಬ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಯೋಜನೆಯನ್ನು ವಿರೋಧಿಸಲು ಇದನ್ನು ಬರೆಯುತ್ತಿಲ್ಲ. ಅದು ಆಗಬೇಕೆಂದು ಮನಸಾರೆ ಬಯಸುವವಳು ನಾನು. ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಬಿವಿಬಿ ಕಾಲೇಜು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಧಾರವಾಡಕ್ಕೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. ಗದಗಿಗೆ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ, ನಮ್ಮ ಜಿಲ್ಲೆಯ ಗೊಟಗೋಡಿಗೆ ಜಾನಪದ ವಿಶ್ವವಿದ್ಯಾಲಯ ಬಂದವು. ಹೀಗೆ ಹತ್ತಿಪ್ಪತ್ತು ವರ್ಷಗಳಲ್ಲಿ ಈ ಭಾಗದಲ್ಲಿ ವಿದ್ಯಾಸಂಸ್ಥೆಗಳಿಗೆ ಕೊರತೆಯಾಗಲಿಲ್ಲ. ಆದರೆ ತುಂಗಭದ್ರೆಯ ಈ ದಂಡೆಯ ಹುಡುಗರು ಐಟಿಐ ಮುಗಿಸಿದ ಮರುದಿನವೇ ಬೆಂಗಳೂರಿಗೋ ಪುಣೆಗೋ ಬಸ್ಸು ಹತ್ತುವುದು ಮಾತ್ರ ನಿಂತಿಲ್ಲ. ಒಂದು ಕಾಲಕ್ಕೆ ಹರಿಹರದ ಲೇತ್ ಎಂದರೆ ದೇಶದ ವರ್ಕ್‌ಶಾಪುಗಳೆಲ್ಲ ಗುರುತಿಸುತ್ತಿದ್ದವು. ಆಚೆ ದಂಡೆಯ ಆ ಕಸುಬಿಗೆ ಬೇಕಾದ ಬಿಡಿಭಾಗಗಳ ಎರಕ ಈಚೆ ದಂಡೆಯ ಸಣ್ಣ ಫೌಂಡ್ರಿಗಳಲ್ಲಿ ಆಗುತ್ತಿತ್ತು. ಆ ಕೆಲಸದ ವಾರಸುದಾರಿಕೆ ಏನಾದರೊಂದು ರೂಪದಲ್ಲಿ ಹೊಳೆಯ ದಂಡೆಗೆ ಮರಳಬೇಕು. ಹೇಗೆ ಮರಳಬೇಕು ಎಂಬುದರ ಬಗ್ಗೆಯೇ ನನ್ನ ಯೋಚನೆ.

ಮುಷ್ಟಿಯ ಮರಳು

ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಬುತ್ತಿ ಒಯ್ಯುವುದು ನನ್ನ ಕೆಲಸವಾಗಿತ್ತು. ಗೇಟಿನ ಕಾವಲುಗಾರ ನನ್ನನ್ನು ಒಳಗೆ ಬಿಡುತ್ತಿದ್ದ, ಆದರೆ ಮೋಲ್ಡಿಂಗ್ ಶೆಡ್ಡಿನ ಬಾಗಿಲ ತನಕ ಮಾತ್ರ. ಅಲ್ಲಿ ನಿಂತು ನೋಡಿದರೆ ಅಪ್ಪ ಮಂಡಿಯೂರಿ, ಕರಿ ಮರಳಿನ ರಾಶಿಯಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಸುಕುತ್ತಿದ್ದರು. ಮುಷ್ಟಿ ಬಿಚ್ಚಿದಾಗ ಬೆರಳುಗಳ ಗುರುತು ಮೂಡಿದ ಒಂದು ಉಂಡೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ನಡುವೆ ಮುರಿಯುತ್ತಿದ್ದರು. ಮುರಿದ ಅಂಚು ಚೂಪಾಗಿ, ಬೆಲ್ಲದ ಅಚ್ಚು ಮುರಿದಂತೆ ಸ್ವಚ್ಛವಾಗಿದ್ದರೆ ಮರಳು ಹದಕ್ಕೆ ಬಂದಿದೆ ಎಂದರ್ಥ. ಪುಡಿಯಾಗಿ ಉದುರಿದರೆ ನೀರು ಕಡಿಮೆ. ಅಂಗೈಗೆ ಅಂಟಿಕೊಂಡರೆ ನೀರು ಹೆಚ್ಚು. ಅಂಥ ಮರಳಿನ ಅಚ್ಚಿಗೆ ಕಾದ ಕಬ್ಬಿಣ ಸುರಿದರೆ ಹಬೆ ಹೊರಗೆ ಹೋಗಲು ದಾರಿ ಸಿಗದೆ ಎರಕದ ಒಳಗೆಲ್ಲ ಗುಳ್ಳೆ ಏಳುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಇದನ್ನೇ ಅಳೆಯಲು ಯಂತ್ರಗಳಿವೆ. ತೇವಾಂಶಕ್ಕೊಂದು, ಬಿಗಿತಕ್ಕೊಂದು, ಗಾಳಿ ಹಾಯುವಿಕೆಗೊಂದು. ಅಪ್ಪನ ಮುಷ್ಟಿ ಮೂರನ್ನೂ ಒಂದೇ ಸಲಕ್ಕೆ ಅಳೆಯುತ್ತಿತ್ತು.

ಆ ಮರಳು ಬರುತ್ತಿದ್ದದ್ದು ಹೊಳೆಯಿಂದಲೇ. ಅದಕ್ಕೆ ಬೆಂಟೊನೈಟ್ ಮಣ್ಣು, ಕಲ್ಲಿದ್ದಲ ಪುಡಿ, ನೀರು ಸೇರಿಸಿ ಅಚ್ಚಿನ ಮರಳು ಮಾಡುತ್ತಿದ್ದರು. ಎರಕದ ಒಳಗೆ ಪೊಳ್ಳು ಬಿಡಲು ಇಡುವ ಕೋರ್‌ಗಳಿಗೆ ಮಾತ್ರ ಮರಳಿನ ಜೊತೆ ಕಾಕಂಬಿ ಕಲಸಿ, ಒಲೆಯಲ್ಲಿ ಬೇಯಿಸುತ್ತಿದ್ದರು. ಸಕ್ಕರೆ ಕಾರ್ಖಾನೆಯಿಂದ ಡ್ರಮ್ಮುಗಳಲ್ಲಿ ಬರುತ್ತಿದ್ದ ಕಾಕಂಬಿ. ಕಬ್ಬಿಣ ಸುರಿಯುವ ಹೊತ್ತಿಗೆ ಅದು ಸುಟ್ಟು ಏಳುತ್ತಿದ್ದ ವಾಸನೆ, ಸೀದ ಹೋಳಿಗೆಯ ಹೂರಣದ ವಾಸನೆಯಂಥದ್ದು, ಅಪ್ಪನ ಅಂಗಿಯಿಂದ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಹತ್ತಾರು ಸಲ ಬಳಸಿ ಸತ್ತ ಮರಳನ್ನು ಶೆಡ್ಡಿನ ಹಿಂದೆ, ದಂಡೆಯ ಇಳಿಜಾರಿಗೆ ಸುರಿಯುತ್ತಿದ್ದರು. ಹೊಳೆಯಿಂದ ಬಂದದ್ದು ಸುಟ್ಟು ಕರಿಯಾಗಿ ಮತ್ತೆ ಹೊಳೆಯ ಮಗ್ಗುಲಿಗೆ ಬಂದು ಬೀಳುತ್ತಿತ್ತು. ಮಳೆಗಾಲದಲ್ಲಿ ಹೊಳೆ ಏರಿದಾಗ ಅದರಲ್ಲಿ ಒಂದು ಪಾಲನ್ನು ಎತ್ತಿಕೊಂಡು ಹೋಗುತ್ತಿತ್ತು. ಯಾರೂ ಅದನ್ನು ತಪ್ಪೆಂದು ಭಾವಿಸಿರಲಿಲ್ಲ.

21 ವರ್ಷ

ಇಂಥ ಕೆಲಸ ಬೇರೆ ಕಡೆ ಹೇಗೆ ನಡೆಯಿತು ಎಂದು ಓದತೊಡಗಿದಾಗ ನನಗೆ ಹೆಚ್ಚು ಹಿಡಿಸಿದ್ದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಉದಾಹರಣೆ. ಮೊನೊಂಗಹೀಲಾ ನದಿಯ ದಂಡೆಯಲ್ಲಿ ಹೇಝಲ್‌ವುಡ್ ಎಂಬ ಬಡಾವಣೆ. ಅದರ ಮಗ್ಗುಲಲ್ಲಿ ಉಕ್ಕಿನ ಕಂಪನಿಯ ಕೋಕ್ ಒಲೆಗಳು, ಅಂದರೆ ಕಲ್ಲಿದ್ದಲನ್ನು ಕಾಯಿಸಿ ಕೋಕ್ ಎಂಬ ಇಂಧನ ಮಾಡುವ ಒಲೆಗಳು. ಅವು 1998ರಲ್ಲಿ ಆರಿದವು. ನಮ್ಮ ಕಾರ್ಖಾನೆಗೆ ಬೀಗ ಬಿದ್ದ 2002ರಲ್ಲೇ ಅಲ್ಲಿನ ಕೆಲವು ದತ್ತಿ ಸಂಸ್ಥೆಗಳು ಒಟ್ಟಾಗಿ ಆ 178 ಎಕರೆ ಜಾಗವನ್ನು ಕೊಂಡವು. ಹಳೆಯ ರೋಲಿಂಗ್ ಮಿಲ್ಲಿನ ಕಾಲು ಮೈಲಿ ಉದ್ದದ ಉಕ್ಕಿನ ಅಸ್ಥಿಪಂಜರವನ್ನು ಕೆಡವದೆ ಉಳಿಸಿಕೊಂಡು, ಅದರೊಳಗೆ ಹೊಸ ಕಟ್ಟಡ ಕೂಡಿಸಿ, ಮೇಲೆ ಸೌರಫಲಕ ಹೊದಿಸಿದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಯಾರಿಕಾ ಸಂಶೋಧನೆಯ ವಿಭಾಗ ಅಲ್ಲಿಗೆ ಬಂದದ್ದು 2019ರಲ್ಲಿ. ಒಲೆ ಆರಿದಂದಿನಿಂದ ಲೆಕ್ಕ ಹಾಕಿದರೆ 21 ವರ್ಷ.

ನಾನು ಅಲ್ಲಿಗೆ ಹೋದವಳಲ್ಲ. ಓದಿ, ನಕ್ಷೆ ನೋಡಿ ತಿಳಿದದ್ದು ಇಷ್ಟು. ಆ 21 ವರ್ಷದಲ್ಲಿ ಸಾಕಷ್ಟು ಸಮಯ ಮಣ್ಣಿಗೇ ಹೋಗಿದೆ. ಕೋಕ್ ಒಲೆಯ ನೆಲವೆಂದರೆ ಟಾರು, ಬೆಂಝೀನ್, ಸಯನೈಡ್ ಇಳಿದಿರುವ ನೆಲ. ಅಂಥ ಕಡೆ ಕಟ್ಟಡದ ನಕ್ಷೆಗೆ ಮೊದಲು ನೆಲದ ಚರಿತ್ರೆ ಬರೆಯುವುದು ಅಲ್ಲಿನ ಕ್ರಮ. ಹಳೆಯ ನಕ್ಷೆ, ವೈಮಾನಿಕ ಚಿತ್ರ, ಲೆಕ್ಕಪುಸ್ತಕಗಳ ಜೊತೆಗೆ ಅಲ್ಲಿ ದುಡಿದವರನ್ನು ಕೂರಿಸಿಕೊಂಡು ಎಲ್ಲಿ ಏನಿತ್ತು, ಎಲ್ಲಿ ಏನನ್ನು ಚೆಲ್ಲುತ್ತಿದ್ದಿರಿ ಎಂದು ಕೇಳುವುದು ಆ ಪರಿಶೀಲನೆಯ ಮೊದಲ ಹಂತ. ಅದಾದ ಮೇಲೆ ನೆಲಕ್ಕೆ ಬೈರಿಗೆ ಇಳಿಯುತ್ತದೆ. ಇದನ್ನು ಓದಿದ ದಿನ ಅಪ್ಪನ ಪ್ರಶ್ನೆ ನನಗೆ ಅರ್ಥವಾಯಿತು. ಜಗತ್ತಿನ ತಜ್ಞರು ಮೊದಲ ಹಂತ ಎಂದು ಕರೆಯುವ ಕೆಲಸವನ್ನು ಅಪ್ಪ ಹಬ್ಬದ ದಿನ ಒಂದೇ ವಾಕ್ಯದಲ್ಲಿ ಶುರು ಮಾಡಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ.

ಬಾವಿಯ ಹತ್ತಿರ

ಮುಂದಿನ ಸಲ ಹೋದಾಗ ಕೇಳಿ ತಿಳಿದೆ. ಕಾರ್ಖಾನೆಯ ಪೂರ್ವದ ಮೂಲೆಯಲ್ಲಿ ಒಂದು ಚಿಕ್ಕ ಪ್ಲೇಟಿಂಗ್ ಶೆಡ್ ಇತ್ತು. ಯಂತ್ರದ ದಂಡಗಳಿಗೆ ಗಟ್ಟಿ ಕ್ರೋಮ್ ಲೇಪ ಹಾಕುವ ಕೆಲಸ. ಕ್ರೋಮಿಕ್ ಆಸಿಡ್ಡಿನ ತೊಟ್ಟಿ ತೊಳೆದ ಹಳದಿ ನೀರು ಮೊದಮೊದಲು ಚರಂಡಿಗೆ ಹೋಗುತ್ತಿತ್ತು. ಹೊಳೆಯಲ್ಲಿ ಮೀನು ಸಾಯುತ್ತಿವೆ ಎಂದು ಅಂಬಿಗರು ಬಂದು ಜಗಳ ತೆಗೆದ ಮೇಲೆ, ಬಳಕೆ ತಪ್ಪಿದ್ದ ಹಳೆಯ ಬಾವಿಗೆ ಅದನ್ನು ತಿರುಗಿಸಿದರು. ಕಾರ್ಖಾನೆ ಮುಚ್ಚುವ ವರ್ಷ ತೊಟ್ಟಿಗಳ ತಳದ ಗಸಿಯನ್ನೂ ಅದರೊಳಗೆ ಸುರಿದು, ಮೇಲೆ ಕರಿ ಮರಳು ತುಂಬಿ ಮುಚ್ಚಿದರು. ಕಾರ್ಮಿಕರಿಗೆ ಬರಬೇಕಾದ ಗ್ರಾಚ್ಯುಟಿ ಬರಲಿಲ್ಲ. ಬಾವಿಯ ವಿಷಯ ಯಾವ ಕಾಗದದಲ್ಲೂ ಇಲ್ಲ. ಈ ಎರಡನ್ನೂ ಅಪ್ಪ ಒಂದೇ ಉಸಿರಿನಲ್ಲಿ ಹೇಳಿದರು.

ಸಭೆ ಕರೆದವರಿಗೆ ಪತ್ರ ಬರೆದೆ. ಅವರು ಒಳಗೆ ಹೋಗಲು ಅನುಮತಿ ಕೊಡಿಸಿದರು. ಅದಕ್ಕಾಗಿ ಅವರಿಗೆ ಕೃತಜ್ಞಳಾಗಿದ್ದೇನೆ. ಮಣ್ಣುಶಾಸ್ತ್ರ ಓದಿದ ಪರಿಚಯದ ತರುಣಿಯೊಬ್ಬಳು ಕೈಬೈರಿಗೆ, ಸೀಸೆಗಳೊಂದಿಗೆ ಜೊತೆಗೆ ಬಂದಳು. ಅಪ್ಪನ ಜೊತೆ ಇನ್ನಿಬ್ಬರು ಹಳೆಯ ಕೆಲಸಗಾರರು. ಅವರಲ್ಲಿ ಒಬ್ಬರು ಪ್ಲೇಟಿಂಗ್ ಶೆಡ್ಡಿನಲ್ಲಿ ಇದ್ದವರು. ಒಳಗೆಲ್ಲ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ಗೋಡೆ ಬಿದ್ದು ಗುರುತುಗಳು ಅಳಿಸಿದ್ದವು. ತರುಣಿ ಹಳೆಯ ನಕ್ಷೆ ಹಿಡಿದು ಒಂದು ಕಡೆ ಬೈರಿಗೆ ಊರಿದಳು. ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಅಂದರು: “ಬಾಯಾರ, ಅಲ್ಲಿ ಏನೂ ಸಿಗಂಗಿಲ್ರಿ. ಈ ಬೇವಿನ ಗಿಡಕ್ಕ ಬೆನ್ನ ಕೊಟ್ಟ ನಿಂದರ್ರಿ. ಹೊಳಿ ಕಡೆ ಹದಿನಾರ ಹೆಜ್ಜಿ.” ಹದಿನಾರನೆಯ ಹೆಜ್ಜೆಗೆ ಬೈರಿಗೆ ಇಳಿಯಿತು. ಮೊದಲು ಕರಿ ಮರಳು, ಅದರ ನಡುವೆ ಕಬ್ಬಿಣದ ಗುಂಡುಗಳು, ಕಿಟ್ಟದ ಚೂರು. ಆಮೇಲೆ ಇಟ್ಟಿಗೆಯ ಪುಡಿ. ಅದರ ಕೆಳಗಿನ ಒದ್ದೆ ಮಣ್ಣಿಗೆ ಅರಿಸಿನ ಕಲಸಿದಂಥ ಬಣ್ಣ.

ಗುಂಡಿಯಲ್ಲಿ ಜಿನುಗಿದ ನೀರನ್ನು ಅವಳು ಸೋಸಿ ಒಂದು ಸೀಸೆಗೆ ತೆಗೆದುಕೊಂಡಳು. ನಾಲ್ಕು ಹನಿ ಆಸಿಡ್ ಹಾಕಿ, ಅದರ ಮೇಲೆ ಡೈಫಿನೈಲ್ ಕಾರ್ಬಜೈಡ್ ದ್ರಾವಣ ಬಿಟ್ಟಳು. ನಮ್ಮ ಕಣ್ಣ ಮುಂದೆಯೇ ನೀರು ನೇರಳೆ ಹಣ್ಣಿನ ರಸದ ಬಣ್ಣಕ್ಕೆ ತಿರುಗಿತು. ಅದು ಷಡ್ವೇಲೆಂಟ್ ಕ್ರೋಮಿಯಂ ಇರುವುದರ ಗುರುತು. ಕ್ಯಾನ್ಸರ್ ತರುವ ರೂಪ ಅದು, ನೀರಿನಲ್ಲಿ ಕರಗಿ ನೀರಿನ ಜೊತೆಗೇ ಸಾಗುವ ರೂಪ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಆ ಹಿರಿಯರು ಸೀಸೆಯನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಅವರ ಬೆರಳ ಗೆಣ್ಣುಗಳ ಮೇಲೆ ಶೇಂಗಾ ಕಾಳಿನಷ್ಟು ದುಂಡನೆಯ, ಒಳಗೆ ಕುಸಿದ ಕಲೆಗಳಿದ್ದವು. ಪ್ಲೇಟಿಂಗ್ ಮಾಡಿದವರ ಕೈಗೆ ಬರುವ ಹುಣ್ಣಿನ ಕಲೆಗಳು. ಮೂಗಿನ ನಡುವಿನ ಗೋಡೆಯಲ್ಲಿ ತೂತು ಬಿದ್ದಿದೆ ಎಂದು ಬಹಳ ವರ್ಷದ ಹಿಂದೆ ವೈದ್ಯರು ಹೇಳಿದ್ದನ್ನು, ಯಾರೂ ಕೇಳದೆ ಅವರೇ ಹೇಳಿದರು. ಆ ಹೊತ್ತಿನಲ್ಲಿ ನನಗೆ ಮಾತೇ ಹೊರಡಲಿಲ್ಲ. ನಾವು ಬೈರಿಗೆ ಇಳಿಸಿ ಹುಡುಕಿದ್ದನ್ನು ಅವರು ಮೈಯಲ್ಲಿ ಹೊತ್ತುಕೊಂಡು ನಮ್ಮ ಮುಂದೆ ನಿಂತಿದ್ದರು.

ಕಾಕಂಬಿ

ಅಂದಿನಿಂದ ಈ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಕೆಟ್ಟ ಮಣ್ಣನ್ನು ಅಗೆದು ಬೇರೆಡೆಗೆ ಸಾಗಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಹಾಗೆ ಮಾಡಿದರೆ ಒಂದು ಊರಿನ ವಿಷ ಇನ್ನೊಂದು ಊರಿಗೆ ಹೋಗುತ್ತದೆ, ಖರ್ಚೂ ವಿಪರೀತ. ಮೇಲೆ ಜೇಡಿಮಣ್ಣು ಹೊದಿಸಿ ಮುಚ್ಚುವುದು ಇನ್ನೊಂದು ದಾರಿ. ಹೊಳೆಯ ಪಕ್ಕದಲ್ಲಿ, ಮಳೆಗಾಲಕ್ಕೆ ಅಂತರ್ಜಲ ಏರಿ ಬೇಸಿಗೆಗೆ ಇಳಿಯುವ ಕಡೆ, ಅದೊಂದೇ ಸಾಲುವುದಿಲ್ಲ. ಮೂರನೆಯ ದಾರಿಯೊಂದಿದೆ. ಷಡ್ವೇಲೆಂಟ್ ಕ್ರೋಮಿಯಂ ಅನ್ನು ಟ್ರೈವೇಲೆಂಟ್ ರೂಪಕ್ಕೆ ಇಳಿಸಿದರೆ ಅದರ ವಿಷ ಬಹುಮಟ್ಟಿಗೆ ತಗ್ಗುತ್ತದೆ. ಮಣ್ಣಿನ ಕಣಗಳಿಗೆ ಅಂಟಿಕೊಂಡು, ನೀರಿನ ಜೊತೆ ಓಡುವುದನ್ನು ನಿಲ್ಲಿಸುತ್ತದೆ. ಫೆರಸ್ ಸಲ್ಫೇಟಿನಿಂದ ಇದನ್ನು ಮಾಡಬಹುದು. ನೆಲದೊಳಗಿನ ಸೂಕ್ಷ್ಮಜೀವಿಗಳಿಗೆ ಆಹಾರ ಕೊಟ್ಟು ಅವುಗಳಿಂದಲೂ ಮಾಡಿಸಬಹುದು. ಹೊರದೇಶಗಳಲ್ಲಿ ಕೊಳವೆಬಾವಿಗಳ ಮೂಲಕ ನೆಲದೊಳಗೆ ಇಳಿಸಿ ಅವು ಬೆಳೆಯುವಂತೆ ಮಾಡಿದ ಆಹಾರಗಳಲ್ಲಿ ಒಂದು ಕಾಕಂಬಿ.

ಇದನ್ನು ಓದಿದಾಗ ರಾತ್ರಿ ಹನ್ನೊಂದಾಗಿತ್ತು. ಅಷ್ಟು ಹೊತ್ತಿನಲ್ಲೂ ಅಪ್ಪನಿಗೆ ಫೋನ್ ಮಾಡಿದೆ. “ಕಾಕಂಬಿನಾ?” ಎಂದು ಎರಡು ಸಲ ಕೇಳಿದರು. ಕೋರ್ ಕಟ್ಟುವಾಗ ಹಳೆಯ ಕಾಕಂಬಿ ನೊರೆಗಟ್ಟಿದರೆ ಬಳಸುತ್ತಿರಲಿಲ್ಲ, ಅದು ಹುಳಿ ಬಂದಿರುತ್ತದೆ, ಇಲ್ಲಿ ಅದು ನಡೆದೀತೇ ಎಂದು ವಿಚಾರಿಸಿದರು. ಸೂಕ್ಷ್ಮಜೀವಿಗಳ ಮಟ್ಟಿಗೆ ಅದು ಒಳ್ಳೆಯ ಪ್ರಶ್ನೆ. ನನ್ನ ಬಳಿ ಉತ್ತರವಿರಲಿಲ್ಲ, ಬರೆದಿಟ್ಟುಕೊಂಡೆ.

ಈ ಜಾಗಕ್ಕೆ ವಿಶ್ವವಿದ್ಯಾಲಯ ಬಂದರೆ ಅದರ ಮೊದಲ ಸಂಶೋಧನೆ ಏನಾಗಬೇಕು ಎಂಬುದಕ್ಕೆ ಆ ರಾತ್ರಿಯಿಂದ ನನಗೆ ಸಂದೇಹ ಉಳಿದಿಲ್ಲ. ಹುಬ್ಬಳ್ಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಎಲ್ಲಿ ಬೇಕಾದರೂ ನಡೆಯಬಲ್ಲ ಕೆಲಸವನ್ನು ಹೊಳೆಯ ದಂಡೆಗೆ ತಂದು ಕೂಡಿಸಿದರೆ ದಂಡೆಗೆ ಅದರಿಂದ ಬಾಡಿಗೆಯಷ್ಟೇ ಬರುತ್ತದೆ. ಆ ಬಾವಿ ಮಾತ್ರ ಅಲ್ಲಿಯೇ ಇದೆ. ಅದರ ಹಳದಿ ನೀರು ಯಾವ ಋತುವಿನಲ್ಲಿ ಎಷ್ಟು ದೂರ ಸಾಗುತ್ತದೆ, ನಮ್ಮ ಮೆಕ್ಕಲು ಮಣ್ಣಿನಲ್ಲಿ ಕಾಕಂಬಿ ಎಷ್ಟು ದಿನ ಉಳಿಯುತ್ತದೆ, ಇಳಿಜಾರಿನ ಕರಿ ಮರಳನ್ನು ಲಾವಂಚದ ಬೇರು ಹಿಡಿದು ನಿಲ್ಲಿಸೀತೇ ಎಂಬಂಥವು ಹತ್ತು ಪಿಎಚ್‌ಡಿಗಳಿಗೆ ಸಾಕಾಗುವ ಪ್ರಶ್ನೆಗಳು. ರಾಣೆಬೆನ್ನೂರಿನ ಬಳಿಯ ಹನುಮನಮಟ್ಟಿಯಲ್ಲಿ ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ. ಮಣ್ಣು ಬಲ್ಲವರು ಕೂಗಳತೆಯಲ್ಲಿದ್ದಾರೆ. ವ್ಯಾಪಾರಕ್ಕೂ ಇಲ್ಲಿ ದಾರಿಯಿದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಶಂಕಿತ ಜಾಗಗಳ ಪಟ್ಟಿ ಮಾಡುವ ಹೊಣೆ ಜಿಲ್ಲಾಡಳಿತಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಬಂದಿದೆ. ತಮಿಳುನಾಡಿನ ರಾಣಿಪೇಟೆಯಲ್ಲಿ 1990ರ ದಶಕದಲ್ಲಿ ಮುಚ್ಚಿದ ಕಾರ್ಖಾನೆಯೊಂದು ಬಿಟ್ಟುಹೋದ ಕ್ರೋಮಿಯಂ ತ್ಯಾಜ್ಯವೇ ಲಕ್ಷ ಟನ್ನಿಗೂ ಮಿಗಿಲು. ಪಟ್ಟಿ ಆದ ಮೇಲೆ ಪರೀಕ್ಷಿಸುವವರು, ಶುದ್ಧ ಮಾಡುವವರು ಎಲ್ಲ ರಾಜ್ಯಕ್ಕೂ ಬೇಕಾಗುತ್ತಾರೆ. ಆ ಕಸುಬನ್ನು ಕಲಿತ ಕಂಪನಿಗಳು ನಮ್ಮ ದಂಡೆಯಿಂದ ಹೊರಡಬಾರದೇಕೆ?

ಪಾಲು

ಒಂದು ಮಾತನ್ನು ಹೇಳದೆ ಬಿಡಲಾರೆ. ಮುಂಬೈಯ ಬಟ್ಟೆ ಗಿರಣಿಗಳ ನೆಲದ ಬಗ್ಗೆ 1991ರ ನಿಯಮ ಸರಳವಾಗಿತ್ತು: ಗಿರಣಿ ಜಾಗ ಬೇರೆ ಬಳಕೆಗೆ ತೆರೆದಾಗ ಸುಮಾರು ಮೂರನೇ ಒಂದು ಪಾಲು ಸಾರ್ವಜನಿಕ ಬಯಲಿಗೆ, ಇನ್ನೊಂದು ಪಾಲು ಬಡವರ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಆ ನಿಯಮವನ್ನು ತಿದ್ದಿ, ಕಟ್ಟಡಗಳಿಲ್ಲದೆ ಖಾಲಿ ಬಿದ್ದಿದ್ದ ನೆಲವನ್ನಷ್ಟೇ ಪಾಲಿನ ಲೆಕ್ಕಕ್ಕೆ ಹಿಡಿದರು. ಗಿರಣಿಯೆಂದರೆ ತುಂಬ ಕಟ್ಟಡಗಳೇ. ಪಾಲಿಗೆ ಬಂದ ನೆಲ ಕುಗ್ಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಮ್ಮ ಯೋಜನೆಯ ಕಾಗದದಲ್ಲೂ ದಂಡೆಯ ದಾರಿ ಯಾರದು, ಅಂಬಿಗರ ದೋಣಿ ಎಲ್ಲಿ ಕಟ್ಟಬೇಕು, ದನ ನೀರಿಗೆ ಎಲ್ಲಿ ಇಳಿಯಬೇಕು ಎಂಬುದನ್ನು ಈಗಲೇ, ಬಿಡಿಬಿಡಿಯಾಗಿ ಬರೆದಿಡಬೇಕು. ಅಂಬಿಗರ ಚೌಡಯ್ಯನ ಚೌಡಯ್ಯದಾನಪುರ ಇರುವುದು ಇದೇ ಹೊಳೆಯ ದಂಡೆಯಲ್ಲಿ, ಇದೇ ತಾಲೂಕಿನಲ್ಲಿ. ಕೇಳದೆ ನಡೆದರೆ ಏನಾಗುತ್ತದೆ ಎಂಬುದೂ ನಮ್ಮ ಜಿಲ್ಲೆಗೆ ಗೊತ್ತು. ಹಳ್ಳಿಗಳ ಗೋಮಾಳಗಳನ್ನು ನೀಲಗಿರಿ ನೆಡಲು ಒಂದು ಜಂಟಿ ಕಂಪನಿಗೆ ಕೊಟ್ಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ಆ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹವೆಂದೇ ಅದಕ್ಕೆ ಹೆಸರು. ಕೊನೆಗೆ ಆ ಕಂಪನಿಯನ್ನೇ ಮುಚ್ಚಬೇಕಾಯಿತು.

ಹೋದ ತಿಂಗಳು ಅಪ್ಪ ಮತ್ತು ಅವರ ಇಬ್ಬರು ಗೆಳೆಯರು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಕಾರ್ಖಾನೆಯ ನಕ್ಷೆ ಬರೆದರು. ಕಬ್ಬಿಣ ಕರಗಿಸುವ ಕ್ಯುಪೋಲಾ, ಕೋರ್ ಒಲೆ, ಡೀಸೆಲ್ ಟ್ಯಾಂಕು, ಟ್ರಾನ್ಸ್‌ಫಾರ್ಮರ್ ಕಟ್ಟೆ, ಬಾವಿ, ಬೇವಿನ ಮರ. ಅಳತೆಯೆಲ್ಲ ಹೆಜ್ಜೆಗಳ ಲೆಕ್ಕದಲ್ಲಿ. ನಾನು ಅದನ್ನು ಫೋಟೋ ತೆಗೆದು ಸಭೆ ಕರೆದವರಿಗೆ ಕಳಿಸಿದೆ. ಮುಂದಿನ ಸಭೆಯನ್ನು ಊರಿನಲ್ಲೇ ಕರೆಯಬೇಕೆಂದೂ, ಈ ಮೂವರನ್ನೂ ಅದಕ್ಕೆ ಕರೆಯಬೇಕೆಂದೂ ಜೊತೆಗೆ ಬರೆದೆ. ನಕ್ಷೆಯಲ್ಲಿ ಒಂದು ಕಡೆ ಮೂವರಿಗೂ ಹೊಂದಿಕೆಯಾಗಲಿಲ್ಲ. ಪ್ಲೇಟಿಂಗ್ ಶೆಡ್ಡಿನ ಚರಂಡಿ ಹೊಳೆಗೆ ಸೇರುವ ಮುನ್ನ ಎಡಕ್ಕೆ ಹೊರಳಿತ್ತೋ ಬಲಕ್ಕೋ ಎಂದು ಬಹಳ ಹೊತ್ತು ವಾದ ನಡೆಯಿತು. ಆ ಚರಂಡಿ ಕಟ್ಟಿದ ಗೌಂಡಿ ಇನ್ನೂ ಮೆಡ್ಲೇರಿಯ ಕಡೆ ಮಗಳ ಮನೆಯಲ್ಲಿದ್ದಾನಂತೆ. ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ ಎಂದು ಅಪ್ಪ ಹೇಳಿದರು. ಬರುವ ರವಿವಾರ ಆತನನ್ನು ಕರೆತರಲು ನಾವಿಬ್ಬರೂ ಹೋಗುತ್ತೇವೆ.